ಮಣಿಗಿಂತ ಅದರ ತೂತೇ ಚೆಂದ ಅನ್ನಿಸಿದವರು ಯಾರಾದರೂ ಇದ್ದೀರಾ?

ಸೂಜಿಮೊನೆ
ಎಲ್ಲರಿಗೂ ನಮಸ್ಕಾರ. ತಲೆಬರಹ ನೋಡಿ ನಗಬೇಡಿ, ನಿಜವಾಗಿ ಕೇಳುತ್ತಿದ್ದೇನೆ.

ಹರಪ್ಪ ಕಾಲದ ಉದ್ದನೆಯ ಕೆಂಪು ಮಣಿಗಳನ್ನು ಫೋಟೋದಲ್ಲಾದರೂ ನೋಡಿರುತ್ತೀರಿ. ಕಾರ್ನೀಲಿಯನ್ ಅನ್ನುವ ಕಲ್ಲು. ಬೆರಳಿನಷ್ಟು ಉದ್ದ, ನಡುವೆ ಸ್ವಲ್ಪ ಉಬ್ಬು, ತುದಿಗಳು ಸಣ್ಣ. ಬೆಳಕಿಗೆ ಹಿಡಿದರೆ ಒಳಗೆ ಕೆಂಡ ಇಟ್ಟ ಹಾಗೆ. ಕೆಲವು 10 ಸೆಂಟಿಮೀಟರ್ ದಾಟುತ್ತವೆ. ನಾನೂ ಬಹಳ ದಿನ ಬಣ್ಣ, ಹೊಳಪು ಅಂತಲೇ ನೋಡುತ್ತಿದ್ದೆ. ಒಂದು ದಿನ ಇದರೊಳಗೆ ದಾರ ಹೇಗೆ ಹೋಯಿತು ಅಂತ ಯೋಚನೆ ಬಂತು. ಅವತ್ತಿನಿಂದ ಬೇರೇನೂ ಕಾಣಿಸುತ್ತಿಲ್ಲ.

ಈ ಕಲ್ಲಿನ ಮೇಲೆ ಚಾಕು ಎಳೆದರೆ ಚಾಕುವೇ ಸವೆಯುತ್ತದೆ, ಅಷ್ಟು ಗಟ್ಟಿ. ಅದರ ಉದ್ದಕ್ಕೂ ಒಂದೆರಡು ಮಿಲಿಮೀಟರ್ ಅಗಲದ ತೂತು. ಒಂದು ಕಡೆಯಿಂದ ಅರ್ಧ ಕೊರೆದು, ತಿರುಗಿಸಿ, ಇನ್ನೊಂದು ಕಡೆಯಿಂದ ಅರ್ಧ. ಎರಡೂ ಕಲ್ಲಿನ ಹೊಟ್ಟೆಯೊಳಗೆ ಕತ್ತಲಲ್ಲಿ ಬಂದು ಸೇರಬೇಕು. ಸ್ವಲ್ಪ ಸೊಟ್ಟಗಾದರೂ ಅಷ್ಟು ದಿನದ ಕೆಲಸ ಹಾಳು. ಇದೆಲ್ಲ ಕಬ್ಬಿಣವೇ ಇಲ್ಲದ ಕಾಲದಲ್ಲಿ.

1935-36ರಲ್ಲಿ ಪುರಾತತ್ವಜ್ಞ ಅರ್ನೆಸ್ಟ್ ಮೆಕೆ ಸಿಂಧ್ ಪ್ರಾಂತ್ಯದ ಹರಪ್ಪ ಕಾಲದ ಊರು ಚನ್ಹುದಾರೋದಲ್ಲಿ ಅಗೆದಾಗ ಮಣಿ ಮಾಡುವವರ ಕೆಲಸದ ಜಾಗವೇ ಸಿಕ್ಕಿತು. ಅರ್ಧ ಆದ ಮಣಿಗಳು, ಒಡೆದ ಮಣಿಗಳು, ಜೊತೆಗೆ ಕಲ್ಲಿನ ಬೈರಿಗೆ ಮೊನೆಗಳು. ಆ ಮೊನೆಯ ಕಲ್ಲಿಗೆ ಈಗ ಅವರ ಹೆಸರಿನಿಂದಲೇ ಅರ್ನೆಸ್ಟೈಟ್ ಅನ್ನುತ್ತಾರೆ. ಮೊನೆಯ ತುದಿ ತುಸು ದಪ್ಪ, ಸೊಂಟ ಸಣ್ಣ. ಕೊರೆಯುವಾಗ ಪುಡಿ ಹೊರಗೆ ಬರುವುದಕ್ಕೆ, ನೀರು ಒಳಗೆ ಇಳಿಯುವುದಕ್ಕೆ ಜಾಗ ಬೇಕಲ್ಲ, ಅದಕ್ಕೆ. ಪುರಾತತ್ವಜ್ಞ ಮಾರ್ಕ್ ಕೆನೋಯರ್ ಇಂಥ ಮೊನೆಯಿಂದ ಕೊರೆದು ನೋಡಿದ್ದಾರೆ. ಗಂಟೆಗೆ ಸುಮಾರು 2.5 ಮಿಲಿಮೀಟರ್, ಅಷ್ಟೇ. ಕರಾಚಿ ಹತ್ತಿರದ ಅಲ್ಲಾಹ್‌ದಿನೋದಲ್ಲಿ 36 ಉದ್ದ ಮಣಿಗಳ ಒಂದು ಸೊಂಟಪಟ್ಟಿ ಸಿಕ್ಕಿದೆ. ಅದೊಂದಕ್ಕೇ ಸುಮಾರು 480 ದಿನದ ಕೆಲಸ ಅಂತ ಅವರ ಲೆಕ್ಕ.

ಈಗ ನನ್ನ ಪ್ರಶ್ನೆ. ಹೀಗೆ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಕೈಚಳಕ ಇರುವ ಹಳೆಯ ವಸ್ತು ನಿಮಗೆ ಯಾವುದು ಇಷ್ಟ? ಬರೀ ಹೆಸರು ಹಾಕಿ ಹೋಗಬೇಡಿ. ಏನು ಚೆಂದ ಅಂತಲೂ ಹೇಳಿ.

ಚಿಟಿಕೆ
ಟಾರಾ ಬ್ರೂಚ್. ಹಿಂಬದಿ.

ಸೂಜಿಮೊನೆ
@ಚಿಟಿಕೆ ಬರೀ ಹೆಸರು ಬೇಡ ಅಂದೆನಲ್ಲ ಮಾರಾಯ್ರೇ!

ಚಿಟಿಕೆ
ಸರಿ ಸರಿ. ಐರ್ಲೆಂಡಿನದು, 8ನೇ ಶತಮಾನದ್ದು. 1850ರಲ್ಲಿ ಬೆಟ್ಟಿಸ್‌ಟೌನ್ ಕಡಲದಂಡೆಯಲ್ಲಿ ಸಿಕ್ಕಿದ್ದು. ಬಟ್ಟೆ ಜಾರದ ಹಾಗೆ ಸಿಕ್ಕಿಸುವ ದೊಡ್ಡ ಪಿನ್ನು ಅಂದುಕೊಳ್ಳಿ. ಬೆಳ್ಳಿಗೆ ಚಿನ್ನದ ಲೇಪ. ಮುಂದೆ ಕೂದಲೆಳೆಯಂಥ ಚಿನ್ನದ ತಂತಿಯ ಕೆಲಸ, ಗಾಜು, ಅಂಬರ್. ಅದು ಸರಿ. ಆದರೆ ತಿರುಗಿಸಿದರೆ ಹಿಂದೆಯೂ ಅಷ್ಟೇ ಕೆಲಸ. ಸುರುಳಿ ಸುರುಳಿ. ಹಾಕಿಕೊಂಡ ಮೇಲೆ ಆ ಬದಿ ಎದೆಗೆ ಅಂಟಿಕೊಂಡಿರುತ್ತದೆ. ಹಾಕಿಕೊಂಡವರಿಗೂ ಕಾಣುವುದಿಲ್ಲ! ಇನ್ನೂ ತಮಾಷೆ ಅಂದರೆ ಮುಂದಿನ ಎಷ್ಟೋ ತುಣುಕುಗಳು ಈಗ ಉದುರಿಹೋಗಿವೆ.

(ಐರ್ಲೆಂಡಿನ ಹಳೆಯ ರಾಜರ ಟಾರಾ ಅನ್ನುವ ಜಾಗಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ವ್ಯಾಪಾರಿಯೊಬ್ಬ ಗತ್ತಿಗೆ ಇಟ್ಟ ಹೆಸರು.)

ಅನುಮಾನಪ್ಪ
ಸ್ವಲ್ಪ ತಣ್ಣೀರು ಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮಣಿಯ ತೂತು ದಾರಕ್ಕಾಗಿ ಕೊರೆದಿದ್ದು. ತೂತಿಲ್ಲದೆ ಮಣಿಯೇ ಇಲ್ಲ. ಅದರಲ್ಲಿ ಕಲೆ ಎಲ್ಲಿಂದ ಬಂತು? ಅದು ಕಷ್ಟದ ಕೆಲಸ ಅಂದರೆ ಒಪ್ಪುತ್ತೇನೆ. ಕಷ್ಟಪಟ್ಟದ್ದೆಲ್ಲ ಚೆಂದ ಅಂದರೆ ಒಪ್ಪುವುದಿಲ್ಲ. 480 ದಿನ ಅಂದಿರಿ. ಆ 480 ದಿನ ಕೂತು ಕೊರೆದವನು ಆ ಪಟ್ಟಿ ಒಂದು ದಿನವಾದರೂ ಕಟ್ಟಿಕೊಂಡನೇ? ಗಾಜಿನ ಪೆಟ್ಟಿಗೆ ಮುಂದೆ ನಿಂತು ಆಹಾ ಅನ್ನುವುದು ನಮಗೆ ಸುಲಭ.

ಎರಕದವ
ಅನುಮಾನಪ್ಪ ಅವರೇ, ನಾನು ಲೋಹದ ಕೆಲಸ ಮಾಡುವವನು. ಸಣ್ಣ ಮೂರ್ತಿ ಎರಕ ಹೊಯ್ಯುತ್ತೇನೆ. ಕೆಲಸ ಮಾಡುವವನಿಗೆ ಒಳಗಿನದು ಹೊರಗಿನದು ಅಂತ ಅಷ್ಟು ಬೇರೆ ಬೇರೆ ಇರುವುದಿಲ್ಲ. ಒಳಗೆ ತಪ್ಪಿದರೆ ಹೊರಗೆ ಗೊತ್ತಾಗೇ ಆಗುತ್ತದೆ.

ಮೊಹೆಂಜೊದಾರೋದ ನರ್ತಕಿ ಎಲ್ಲರಿಗೂ ಗೊತ್ತು. 1926ರಲ್ಲಿ ಸಿಕ್ಕಿದ್ದು. ಪುಸ್ತಕದಲ್ಲಿ ಪುಟ ತುಂಬಾ ಹಾಕುತ್ತಾರೆ. ನಿಜವಾಗಿ ಅವಳು 10.5 ಸೆಂಟಿಮೀಟರ್. ಅಂಗೈಯಲ್ಲಿ ಮಲಗಿಸಬಹುದು. ಒಂದು ತೋಳಿನ ಉದ್ದಕ್ಕೂ ಬಳೆ, ಇನ್ನೊಂದರಲ್ಲಿ ನಾಲ್ಕೇ. ಸೊಂಟದ ಮೇಲೆ ಕೈ. ಗಲ್ಲ ಮೇಲೆತ್ತಿ ನಿಂತ ಆ ಗತ್ತು! ಇಷ್ಟನ್ನು ಮೊದಲು ಮೇಣದಲ್ಲಿ ಮಾಡಬೇಕು. ಮೇಣದ ಸುತ್ತ ಮಣ್ಣು ಮೆತ್ತಬೇಕು. ಬೆಂಕಿಗೆ ಇಟ್ಟಾಗ ಮೇಣ ಕರಗಿ ಹೋಗುತ್ತದೆ. ಖಾಲಿ ಜಾಗಕ್ಕೆ ಕಂಚು. ಆಮೇಲೆ ಮಣ್ಣಿನ ಅಚ್ಚು ಒಡೆಯಬೇಕು. ಅಂದರೆ ಮೇಣದ ಗೊಂಬೆಯೂ ಇಲ್ಲ, ಅಚ್ಚೂ ಇಲ್ಲ. ಸರಿ ಬಂದರೆ ಬಂತು. ಇಲ್ಲದಿದ್ದರೆ ಮತ್ತೆ ಮೇಣದಿಂದ ಶುರು. ಮೊದಲ ವರ್ಷ ನನ್ನ ಎಷ್ಟು ಎರಕಗಳಲ್ಲಿ ಕೈ ತುದಿಗೆ ಲೋಹವೇ ಹೋಗಿರಲಿಲ್ಲ ಅಂತ ಕೇಳಬೇಡಿ. ಅವಳ ಆ ತೆಳ್ಳನೆ ತೋಳು ನೋಡಿದಾಗೆಲ್ಲ ಕೈ ಮುಗಿಯಬೇಕು ಅನ್ನಿಸುತ್ತದೆ.

ಆದರೆ ನನ್ನ ಆಯ್ಕೆ ನರ್ತಕಿ ಅಲ್ಲ. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಸಿಕ್ಕ ಒಂದು ತಾಮ್ರದ ತಾಯಿತ. ಗಾಲಿಯ ಹಾಗಿದೆ. ಆರು ಕಡ್ಡಿ, ಸುತ್ತ ಒಂದು ಬಳೆ. ಎರಡು ಸೆಂಟಿಮೀಟರ್ ಅಷ್ಟೇ. ಸುಮಾರು 6,000 ವರ್ಷ ಹಳೆಯದು. ಮೇಣ ಕರಗಿಸಿ ಹೊಯ್ದ ಎರಕದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ವಸ್ತುಗಳಲ್ಲಿ ಇದೂ ಒಂದು. ನೋಡಲು ಹಸಿರು ಕಿಲುಬು ಹಿಡಿದ ಚೂರು. ಮ್ಯೂಸಿಯಂನಲ್ಲಿ ಇದರ ಮುಂದೆ ಯಾರೂ ನಿಲ್ಲುವುದಿಲ್ಲ.

2016ರಲ್ಲಿ ಫ್ರಾನ್ಸ್‌ನವರು ಇದನ್ನು ಬೆಳಕಿನ ವಿಶೇಷ ಉಪಕರಣದಲ್ಲಿ ಇಟ್ಟು ನೋಡಿದರು. ಒಳಗೆ ಎಲ್ಲಾ ಗೊತ್ತಾಯಿತು. ಬಳಸಿದ್ದು ತುಂಬಾ ಶುದ್ಧ ತಾಮ್ರ. ಕರಗಿಸುವಾಗ ಒಂದು ಚೂರು ಗಾಳಿ ಸೇರಿಕೊಂಡಿದೆ. ಅದು ತಣ್ಣಗಾದ ರೀತಿಯೂ ಒಳಗೆ ಉಳಿದಿದೆ. ಮೇಣದ ಕಡ್ಡಿಗಳನ್ನು ನಡುವೆ ಒಂದರ ಮೇಲೊಂದು ಇಟ್ಟು ಬೆರಳಲ್ಲಿ ಒತ್ತಿದ್ದು ಇವತ್ತಿಗೂ ಕಾಣುತ್ತದೆ. ಯೋಚನೆ ಮಾಡಿ, ಮೇಣ ಹೋಗಿ 6,000 ವರ್ಷ ಆಯಿತು. ಒತ್ತಿದ ಗುರುತು ಹೋಗಿಲ್ಲ.

ಶುದ್ಧ ತಾಮ್ರದಲ್ಲಿ ಎರಕ ಹೊಯ್ಯುವುದು ಭಾರಿ ತಲೆನೋವು. ಬೇಗ ಹರಿಯುವುದಿಲ್ಲ, ಗುಳ್ಳೆ ಏಳುತ್ತದೆ. ಆಮೇಲಿನವರು ತವರವನ್ನೋ ಸೀಸವನ್ನೋ ಬೆರೆಸಿ ಪಾರಾದರು. ಆ ಮನುಷ್ಯ ಆ ದಾರಿ ಇನ್ನೂ ಇಲ್ಲದಾಗ ಮಾಡಿದ್ದಾನೆ.

ನೀಲಿಮಸಿ
ಓದಿ ಸುಮ್ನೆ ಕೂತುಬಿಟ್ಟೆ. ಬೆರಳಲ್ಲಿ ಒತ್ತಿದ್ದು!

ಕತ್ತಲೆಕೋಣೆ
ಸೂಜಿಮೊನೆ ಅವರ ಪ್ರಶ್ನೆಗೆ ನನ್ನ ಹತ್ತಿರ ಇರುವುದು ಒಂದೇ ಉತ್ತರ. ಪೈಲೋಸ್‌ನ ಕಾಳಗದ ಅಗೇಟ್.

2015ರಲ್ಲಿ ಗ್ರೀಸ್‌ನ ಪೈಲೋಸ್ ಹತ್ತಿರ ಸಿನ್ಸಿನಾಟಿ ವಿಶ್ವವಿದ್ಯಾಲಯದ ಜ್ಯಾಕ್ ಡೇವಿಸ್ ಮತ್ತು ಶರಾನ್ ಸ್ಟಾಕರ್ ತಂಡಕ್ಕೆ ಒಬ್ಬ ಯೋಧನ ಸಮಾಧಿ ಸಿಕ್ಕಿತು. ಸುಮಾರು ಮೂರೂವರೆ ಸಾವಿರ ವರ್ಷ ಹಳೆಯದು. ಕಳ್ಳರು ಮುಟ್ಟಿರಲಿಲ್ಲ. ಚಿನ್ನದ ಉಂಗುರ, ಕತ್ತಿ, ಕನ್ನಡಿ, ದಂತದ ಬಾಚಣಿಗೆ, ರಾಶಿ ರಾಶಿ. ಅದರ ನಡುವೆ ಸುಣ್ಣ ಮೆತ್ತಿಕೊಂಡ ಒಂದು ಕಲ್ಲು. ದೊಡ್ಡ ಮಣಿ ಇರಬೇಕು ಅಂದುಕೊಂಡು ಬದಿಗಿಟ್ಟರು. ಉಂಗುರಗಳ ಮುಂದೆ ಅದನ್ನು ಯಾರು ಕೇಳುತ್ತಾರೆ?

ಸುಣ್ಣ ಬಿಡಿಸಲು ಸುಮಾರು ಒಂದು ವರ್ಷ ಹಿಡಿಯಿತು. ಬಿಡಿಸಿದ ಮೇಲೆ ನೋಡಿದರೆ ಮಣಿ ಅಲ್ಲ, ಮುದ್ರೆಯ ಕಲ್ಲು. 3.6 ಸೆಂಟಿಮೀಟರ್ ಅಗಲ. ಅಷ್ಟರಲ್ಲಿ ಮೂರು ಜನ. ಒಬ್ಬ ಸತ್ತು ಬಿದ್ದಿದ್ದಾನೆ. ಇನ್ನೊಬ್ಬ ಗುರಾಣಿ ಹಿಡಿದು ಈಟಿ ತಿವಿಯುತ್ತಿದ್ದಾನೆ. ಉದ್ದ ಕೂದಲಿನ ಮೂರನೆಯವನು ಮೇಲಿಂದ ಅವನ ಕುತ್ತಿಗೆಗೆ ಕತ್ತಿ ಇಳಿಸುತ್ತಿದ್ದಾನೆ. ತೋಳಿನ ಸ್ನಾಯು ಬಿಗಿದಿರುವುದು ಕಾಣುತ್ತದೆ. ಬಟ್ಟೆಯ ನೇಯ್ಗೆ ಕಾಣುತ್ತದೆ. ಕೆಲವು ಗೆರೆಗಳು ಅರ್ಧ ಮಿಲಿಮೀಟರ್ ಅಷ್ಟೇ. ಇದೂ ಚಾಕುವಿಗೆ ಜಗ್ಗದ ಕಲ್ಲೇ, ನೆನಪಿರಲಿ. ಸಣ್ಣ ಬೈರಿಗೆ, ಗಟ್ಟಿ ಕಲ್ಲಿನ ಪುಡಿ ಹಾಕಿ ತಿಕ್ಕಿ ತಿಕ್ಕಿ ತೆಗೆಯಬೇಕು. ಗ್ರೀಕರು ಮನುಷ್ಯನ ಮೈಯನ್ನು ಹೀಗೆ ಮೂಡಿಸಲು ಕಲಿತದ್ದು ಇದಕ್ಕಿಂತ ಸಾವಿರ ವರ್ಷ ಆಮೇಲೆ ಅಂತ ಎಲ್ಲರೂ ತಿಳಿದುಕೊಂಡಿದ್ದರು.

ನನ್ನನ್ನು ಕಾಡುವುದು ಇದು. ಅದನ್ನು ಕೈಗೆ ಕಟ್ಟಿಕೊಂಡವನಿಗೆ ಆ ಗೆರೆಗಳು ಕಾಣುವುದಿಲ್ಲ. ಮೇಣಕ್ಕೋ ಮಣ್ಣಿಗೋ ಒತ್ತಿದರೆ ಅಚ್ಚಿನಲ್ಲೂ ಸರಿಯಾಗಿ ಬೀಳುವುದಿಲ್ಲ. ನಾವು ನೋಡುತ್ತಿರುವುದು ಕ್ಯಾಮೆರಾ ದೊಡ್ಡದು ಮಾಡಿ ತೋರಿಸಿದ್ದರಿಂದ. ಹಾಗಾದರೆ ಅವನು ಯಾರಿಗಾಗಿ ಕೆತ್ತಿದ?

ಅನುಮಾನಪ್ಪ
ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ಒಪ್ಪಿಕೊಂಡೆ. ಆದರೆ ಭೂತಗನ್ನಡಿ ಇರಲಿಲ್ಲವೇ?

ಕತ್ತಲೆಕೋಣೆ
ಸ್ಫಟಿಕದ ಮಸೂರಗಳು ಕ್ರೀಟ್ ದ್ವೀಪದಲ್ಲಿ ಸಿಕ್ಕಿವೆ. ಕೆತ್ತುವವರು ಅದನ್ನೇ ಬಳಸಿದರು ಅನ್ನುವವರೂ ಇದ್ದಾರೆ, ಅವು ಅಲಂಕಾರದ ತುಣುಕು ಅನ್ನುವವರೂ ಇದ್ದಾರೆ. ದೂರದ್ದು ಮಸುಕಾಗಿ ಕಾಣುವ ಕಣ್ಣಿನವರಿಗೆ ಹತ್ತಿರದ ಸಣ್ಣ ವಸ್ತು ತುಂಬಾ ಚೆನ್ನಾಗಿ ಕಾಣುತ್ತದೆ, ಅಂಥವರೇ ಈ ಕೆಲಸಕ್ಕೆ ಬಂದಿರಬಹುದು ಅನ್ನುವ ಮಾತೂ ಇದೆ. ನನಗೂ ದೂರದ್ದು ಕಾಣುವುದಿಲ್ಲ. ಕನ್ನಡಕ ತೆಗೆದು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದರೆ ಕಾಗದದ ನಾರು ಕಾಣುತ್ತದೆ. ಹಾಗಾಗಿ ಈ ಮಾತಿನ ಕಡೆಗೇ ನನ್ನ ಓಟು.

ಜಾದೂಕಲ್ಲು
ನೀವೆಲ್ಲ ಸುತ್ತಿ ಬಳಸಿ ಮಾತಾಡುತ್ತಿದ್ದೀರಿ. ಆ ಕಾಲದವರ ಹತ್ತಿರ ನಮಗೆ ಗೊತ್ತಿಲ್ಲದ ವಿದ್ಯೆ ಇತ್ತು. ಚೀನಾದ ಚಕ್ರವರ್ತಿಯ ಸಮಾಧಿ ಬಳಿ ಹೂತಿಟ್ಟ ಮಣ್ಣಿನ ಸೈನಿಕರ ಜೊತೆ ಸಿಕ್ಕ ಕಂಚಿನ ಕತ್ತಿಗಳಿಗೆ ಕ್ರೋಮಿಯಂ ಲೇಪ ಇದೆ. 2,200 ವರ್ಷ ಆದರೂ ತುಕ್ಕಿಲ್ಲ. ಆಧುನಿಕ ಕಾಲದಲ್ಲಿ ಕಂಡುಹಿಡಿದದ್ದು ಅವರಿಗೆ ಆಗಲೇ ಹೇಗೆ ಗೊತ್ತಿತ್ತು? ಇದು ಮನುಷ್ಯರ ಕೆಲಸ ಅಂತ ನಂಬುತ್ತೀರಾ?

ಹಳೇಮಣ್ಣು
ಆ ಕ್ರೋಮಿಯಂ ಕಥೆ ಬಹಳ ವರ್ಷ ಓಡಿತು, ಈಗ ನಿಂತಿದೆ. 2019ರಲ್ಲಿ ಮಾರ್ಕೋಸ್ ಮಾರ್ಟಿನೋನ್-ಟೊರೆಸ್ ಮತ್ತು ಅವರ ತಂಡದವರು ನೂರಾರು ಆಯುಧಗಳನ್ನು ಪರೀಕ್ಷೆ ಮಾಡಿದರು. ಕ್ರೋಮಿಯಂ ಸಿಕ್ಕಿದ್ದು ಕೆಲವೇ ಕೆಲವದರಲ್ಲಿ. ಅದೂ ಹೆಚ್ಚಾಗಿ ಹಿಡಿಯ ಹತ್ತಿರ, ಮರಕ್ಕೆ ತಾಗುವ ಕಡೆ. ಮರಕ್ಕೆ ಬಳಿದ ಅರಗಿನಂಥ ಮೆರುಗೆಣ್ಣೆಯಲ್ಲಿ ಕ್ರೋಮಿಯಂ ಇತ್ತು, ಅಲ್ಲಿಂದ ಅಂಟಿದೆ. ಆಯುಧ ಉಳಿದದ್ದಕ್ಕೆ ಅಲ್ಲಿನ ಮಣ್ಣು ಮತ್ತು ಕಂಚಿನಲ್ಲಿನ ತವರ ಕಾರಣ. ಕ್ರೋಮಿಯಂ ಇರುವ ಆಯುಧಗಳೇ ಜಾಸ್ತಿ ಚೆನ್ನಾಗಿ ಉಳಿದಿವೆ ಅಂತಲೂ ಇಲ್ಲ.

ಆದರೆ ಆ ಸೈನಿಕರ ಹೆಸರು ಎತ್ತಿದ್ದು ಒಳ್ಳೆಯದಾಯಿತು. ಮಂಡಿಯೂರಿ ಕೂತ ಬಿಲ್ಲುಗಾರ ಇದ್ದಾನಲ್ಲ, ಅವನ ಹಿಂದೆ ಹೋಗಿ ನೋಡಿ. ಒಂದು ಕಾಲಿನ ಹಿಮ್ಮಡಿ ಮೇಲೆದ್ದಿದೆ. ಕೆರದ ಅಟ್ಟೆ ಕಾಣುತ್ತದೆ. ಅದರ ಮೇಲೆ ಹೊಲಿಗೆಯ ಒಂದೊಂದು ಚುಕ್ಕೆಯನ್ನೂ ಮೂಡಿಸಿದ್ದಾರೆ. ಅದೂ ಒಂದೇ ಸಮ ಅಲ್ಲ. ಮುಂದೆ ಮತ್ತು ಹಿಮ್ಮಡಿಯಲ್ಲಿ ಒತ್ತಾಗಿ, ನಡುವೆ ಬಿಡಿಬಿಡಿಯಾಗಿ. ಜಾಸ್ತಿ ಸವೆಯುವ ಕಡೆ ಜಾಸ್ತಿ ಹೊಲಿಗೆ. ಕೆರ ಹೊಲಿಯುವವನಿಗೆ ಗೊತ್ತಿರುವ ಲೆಕ್ಕ ಇದು. ಮಣ್ಣಿನ ಕೆಲಸದವನು ಅದನ್ನು ಗಮನಿಸಿ, ಹೂತುಹಾಕುವ ಗೊಂಬೆಯ ಕಾಲಡಿ ಮೂಡಿಸಿದ. ಇದು ಮನುಷ್ಯರ ಕೆಲಸ ಅಲ್ಲದೆ ಇನ್ಯಾರದು?

ಜಾದೂಕಲ್ಲು
ಅಟ್ಟೆಯ ವಿಷಯ ಗೊತ್ತಿರಲಿಲ್ಲ. ಹುಡುಕಿ ನೋಡಿದೆ. ಹೌದು.

ನಿರ್ವಾಹಕ
ಅನ್ಯಗ್ರಹದವರ ಬಗ್ಗೆ ಬಂದಿದ್ದ ಎರಡು ಟಿಪ್ಪಣಿ ತೆಗೆದಿದ್ದೇನೆ. ವಿಷಯಕ್ಕೆ ಅಂಟಿಕೊಳ್ಳಿ.

ನೀಲಿಮಸಿ
ಅದೇ ಸೈನಿಕರ ಮೇಲೆ ಮೊದಲು ಬಣ್ಣ ಇತ್ತು ಅಲ್ವಾ? ಕೆಂಪು, ಹಸಿರು, ನೇರಳೆ. ಅಗೆದು ತೆಗೆದಾಗ ಬಣ್ಣದ ಕೆಳಗಿನ ಮೆರುಗೆಣ್ಣೆ ಒಣಗಿ, ಕೆಲವೇ ನಿಮಿಷದಲ್ಲಿ ಸುರುಳಿ ಸುತ್ತಿ ಉದುರಿತಂತೆ. ನಮಗೆ ಮಣ್ಣಿನ ಬಣ್ಣವೇ ಗಂಭೀರವಾಗಿ ಕಾಣುತ್ತದೆ. ಮಾಡಿದವರು ಬಂದು ನೋಡಿದರೆ ಅಯ್ಯೋ ಅನ್ನುತ್ತಾರೆ.

ಮೂಸೆಮನೆ
ಇಷ್ಟು ದಿನ ಓದಿಕೊಂಡು ಮಾತ್ರ ಇದ್ದೆ. ಚಿನ್ನದ ಕೆಲಸದವರ ಕಡೆಯಿಂದ ಒಂದಷ್ಟು ಹೇಳುತ್ತೇನೆ. ಉದ್ದ ಆದರೆ ಸಹಿಸಿಕೊಳ್ಳಿ.

ಇಟಲಿಯ ಎಟ್ರಸ್ಕನ್ನರ ಒಡವೆಗಳಲ್ಲಿ ಚಿನ್ನದ ತಗಡಿನ ಮೇಲೆ ಚಿನ್ನದ ಗುಂಡುಗಳಿಂದಲೇ ಚಿತ್ರ ಬಿಡಿಸುತ್ತಿದ್ದರು. ಕ್ರಿ.ಪೂ. 7ನೇ ಶತಮಾನದ ಮಾತು. ಗುಂಡು ಅಂದರೆ ಮರಳಿನ ಕಣಕ್ಕಿಂತ ಸಣ್ಣದೂ ಇವೆ. ಗುಂಡು ಮಾಡುವುದು ಕಷ್ಟ ಅಲ್ಲ. ಚಿನ್ನದ ಚೂರುಗಳನ್ನು ಇದ್ದಿಲ ಪುಡಿಯಲ್ಲಿ ಇಟ್ಟು ಕಾಯಿಸಿದರೆ ತಾವಾಗಿಯೇ ಉಂಡೆ ಆಗುತ್ತವೆ. ಕಷ್ಟ ಇರುವುದು ಅಂಟಿಸುವುದರಲ್ಲಿ. ಮಾಮೂಲಿ ಬೆಸುಗೆ ಹಾಕಿದರೆ ಅದು ಕರಗಿ ಗುಂಡುಗಳ ಸಂದಿಯೆಲ್ಲ ತುಂಬಿ ಗಿಜಿಗಿಜಿ ಆಗುತ್ತದೆ. ಇವರ ಕೆಲಸದಲ್ಲಿ ಸಂದಿ ತುಂಬಿಲ್ಲ. ಪ್ರತಿ ಗುಂಡೂ ಒಂದೇ ಚುಕ್ಕೆಯಲ್ಲಿ ತಗಡನ್ನು ಮುಟ್ಟಿ ನಿಂತಿದೆ.

19ನೇ ಶತಮಾನದಲ್ಲಿ ಕಾಸ್ಟೆಲಾನಿ ಮನೆತನದ ಅಕ್ಕಸಾಲಿಗರು ಇದನ್ನು ಹಾಗೇ ಮಾಡಲು ಬಹಳ ಒದ್ದಾಡಿದರು. ಪೂರ್ತಿ ಕೈಗೆ ಹತ್ತಲಿಲ್ಲ. 1933ರಲ್ಲಿ ಇಂಗ್ಲೆಂಡಿನ ಲಿಟಲ್‌ಡೇಲ್ ಒಂದು ದಾರಿ ತೋರಿಸಿ ಪೇಟೆಂಟ್ ತೆಗೆದುಕೊಂಡರು. ತಾಮ್ರದ ಉಪ್ಪನ್ನು ಅಂಟಿನಲ್ಲಿ ಕಲಸಿ, ಅದರಲ್ಲಿ ಗುಂಡು ಕೂರಿಸಿ ಕಾಯಿಸುವುದು. ಅಂಟು ಸುಟ್ಟು ಇದ್ದಿಲಾಗುತ್ತದೆ. ಇದ್ದಿಲು ತಾಮ್ರವನ್ನು ಬಿಡಿಸಿಕೊಡುತ್ತದೆ. ಆ ಚಿಟಿಕೆ ತಾಮ್ರ, ಗುಂಡು ಮುಟ್ಟಿದ ಜಾಗದಲ್ಲಿ ಮಾತ್ರ, ಚಿನ್ನದ ಜೊತೆ ಸೇರಿ ಕರಗುತ್ತದೆ. ಬೆಸುಗೆ ಅಂತ ಬೇರೆ ಏನೂ ಕಾಣುವುದಿಲ್ಲ. ಈ ಜಂಟಿ ಕಣ್ಣಿಗೆ ಕಾಣಬಾರದು ಅಂತಲೇ ಮಾಡಿದ್ದು. ಕಾಣದೇ ಇರುವುದೇ ಅದರ ಚೆಂದ.

ಇನ್ನೊಂದು. 2009ರಲ್ಲಿ ಇಂಗ್ಲೆಂಡಿನ ಹೊಲವೊಂದರಲ್ಲಿ ಸಿಕ್ಕ ಸ್ಟಾಫರ್ಡ್‌ಶೈರ್ ನಿಧಿ. ಸುಮಾರು 4,600 ತುಣುಕು, 4 ಕಿಲೋದಷ್ಟು ಚಿನ್ನ. ಹೆಚ್ಚಿನವು ಕತ್ತಿ ಹಿಡಿಯಿಂದ ಕಿತ್ತ ಅಲಂಕಾರ. ಚಿನ್ನದ ಪುಟ್ಟ ಪುಟ್ಟ ಕೋಣೆ ಕಟ್ಟಿ ಒಳಗೆ ಕೆಂಪು ಗಾರ್ನೆಟ್ ಕೂರಿಸಿದ್ದಾರೆ. ಗಾರ್ನೆಟ್ ಸ್ವಲ್ಪ ಕಪ್ಪು ಛಾಯೆಯ ಕಲ್ಲು. ಸುಮ್ನೆ ಕೂರಿಸಿದರೆ ಮಂಕು. ಅದಕ್ಕೆ ಕಲ್ಲಿನ ಹಿಂದೆ ತೆಳು ಚಿನ್ನದ ಹಾಳೆ ಇಟ್ಟಿದ್ದಾರೆ. ಆ ಹಾಳೆ ಮೇಲೆ ಸಣ್ಣ ಚೌಕುಳಿ ಗೆರೆಗಳನ್ನು ಒತ್ತಿದ್ದಾರೆ. ಒಳಗೆ ಬಂದ ಬೆಳಕು ಆ ಗೆರೆಗಳಿಗೆ ಬಡಿದು ಹತ್ತು ಕಡೆ ಚದುರಿ ವಾಪಸ್ ಬರುತ್ತದೆ. ಕತ್ತಿ ಅಲುಗಿದರೆ ಕಲ್ಲು ಮಿನುಗುತ್ತದೆ. ನೋಡಿದವರು ಕಲ್ಲನ್ನು ಹೊಗಳುತ್ತಾರೆ. ಕೆಲಸ ಮಾಡಿದ್ದು ಹಿಂದಿನ ಹಾಳೆ.

ಅದೇ ನಿಧಿಯ ಎಷ್ಟೋ ತುಣುಕುಗಳಲ್ಲಿ ಚಿನ್ನದ ಮೇಲ್ಪದರದಿಂದ ಬೆಳ್ಳಿ, ತಾಮ್ರವನ್ನು ಬೇಕಂತಲೇ ತೆಗೆದಿದ್ದಾರೆ. ಮೇಲೆ ನೋಡಿದರೆ ಇರುವುದಕ್ಕಿಂತ ಒಳ್ಳೆಯ ಚಿನ್ನದ ಹಾಗೆ ಕಾಣುತ್ತದೆ.

ಅನುಮಾನಪ್ಪ
ಸಿಕ್ಕಿಬಿದ್ದಿರಿ! ಇದಕ್ಕೆ ನಮ್ಮ ಕಡೆ ಮೋಸ ಅನ್ನುತ್ತಾರೆ.

ಮೂಸೆಮನೆ
ಮೋಸವೂ ಇರಬಹುದು, ಬಣ್ಣದ ಆಸೆಯೂ ಇರಬಹುದು. ಪೆರುವಿನ ಹಳೆಯ ಲೋಹಗಾರರೂ ಇದನ್ನೇ ಮಾಡುತ್ತಿದ್ದರು. ತಾಮ್ರಕ್ಕೆ ಚಿನ್ನ ಬೆರೆಸಿ ಕರಗಿಸುವುದು, ತಗಡು ಬಡಿಯುವುದು, ಆಮೇಲೆ ಮೇಲ್ಪದರದ ತಾಮ್ರವನ್ನು ತಿನ್ನಿಸಿ ತೆಗೆಯುವುದು. ಉಳಿದ ಚಿನ್ನ ಮೇಲೆ ಬೆಳಗುತ್ತದೆ. ಹೊರಗಿನಿಂದ ಲೇಪ ಹಾಕುವುದು ಅವರಿಗೆ ಗೊತ್ತಿರಲಿಲ್ಲ ಅಂತಲ್ಲ, ಅದನ್ನೂ ಮಾಡುತ್ತಿದ್ದರು. ಹೆದರ್ ಲೆಕ್ಟ್‌ಮನ್ ಇದನ್ನು ವರ್ಷಗಟ್ಟಲೆ ಓದಿದವರು. ಹೊರಗೆ ಕಾಣುವ ಗುಣ ಒಳಗೂ ಇರಬೇಕು, ಒಳಗಿಂದಲೇ ಹೊರಗೆ ಬರಬೇಕು ಅನ್ನುವುದು ಅಲ್ಲಿನವರ ನಂಬಿಕೆ ಅಂತ ಅವರು ಹೇಳುತ್ತಾರೆ. ಮೋಸ ಅಂತ ನೀವು ಅಂದದ್ದಕ್ಕೆ ಪೂರಾ ಉಲ್ಟಾ.

ಅನುಮಾನಪ್ಪ
ಹ್ಞೂಂ. ಇದನ್ನು ಯೋಚನೆ ಮಾಡಬೇಕು.

ಆದರೂ ನನ್ನ ಮೊದಲ ಪ್ರಶ್ನೆ ಹಾಗೇ ಉಳಿದಿದೆ. 480 ದಿನ ಕೂತವನಿಗೆ ಏನು ಸಿಕ್ಕಿತು?

ಸೂಜಿಮೊನೆ
ಪಟ್ಟಿ ಅವನಿಗೆ ಸಿಗಲಿಲ್ಲ ಅಂತಲೇ ಇಟ್ಟುಕೊಳ್ಳಿ. ಅದನ್ನು ಮುಚ್ಚಿಡುವುದಿಲ್ಲ. ಆ ಉದ್ದ ಕೆಂಪು ಮಣಿಯ ಆಕಾರದಲ್ಲೇ ಮಣ್ಣಿನ ಮಣಿ ಮಾಡಿ ಕೆಂಪು ಬಣ್ಣ ಬಳಿದದ್ದೂ ಹರಪ್ಪದ ಜಾಗಗಳಲ್ಲಿ ಸಿಗುತ್ತವೆ. ಕಲ್ಲಿನದು ಕೈಗೆಟುಕದವರು ಹಾಕಿಕೊಂಡದ್ದು. ಮಣಿ ಕೊರೆದವನ ಹೆಂಡತಿಯ ಕೊರಳಲ್ಲೂ ಅದೇ ಇತ್ತೇನೋ.

ಆದರೆ ತೂತಿನ ವಿಷಯದಲ್ಲಿ ಇನ್ನೊಂದು ಇದೆ. ಈಗಿನವರು ತೂತಿನೊಳಗೆ ಸಿಲಿಕೋನ್ ತುಂಬಿ ಅದರ ಅಚ್ಚು ತೆಗೆಯುತ್ತಾರೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಗೆರೆಗಳು ಕಾಣುತ್ತವೆ. ಯಾವ ಮೊನೆ, ಎಲ್ಲಿ ಸಣ್ಣ ಮೊನೆಗೆ ಬದಲಾಯಿಸಿದ, ಎಲ್ಲಾ. ಇರಾಕ್‌ನ ಊರ್‌ನಲ್ಲಿ ರಾಜಮನೆತನದ ಸಮಾಧಿಗಳಿಂದ ಲಿಯೊನಾರ್ಡ್ ವೂಲಿ ತೆಗೆದ ಕಾರ್ನೀಲಿಯನ್ ಮಣಿಗಳಲ್ಲೂ ಈ ಅರ್ನೆಸ್ಟೈಟ್ ಮೊನೆಯ ಗುರುತು ಸಿಕ್ಕಿದೆ. ಸಮಾಧಿಯಲ್ಲಿ ಮಲಗಿದವರಿಗೆ ಮಣಿ ಕೊರೆದವನ ಪರಿಚಯ ಇರಲಿಲ್ಲ. ಅವನ ಕೈ ಮಾತ್ರ ಅಲ್ಲಿ ಇತ್ತು. ಹೊರಮೈಯನ್ನು ತಿಕ್ಕಿ ತಿಕ್ಕಿ ಕೈ ಗುರುತೆಲ್ಲ ಅಳಿಸಿಬಿಟ್ಟಿದ್ದಾರೆ. ಒಳಗೆ ಅಳಿಸಲು ಆಗುವುದಿಲ್ಲ.

ಎರಕದವ
ಇದಕ್ಕೇ ನಾನು ಮೆಹರ್‌ಗಢದ ಚೂರು ಹೇಳಿದ್ದು.

ನೀಲಿಮಸಿ
ಹತ್ತು ದಿನ ಆದ ಮೇಲೆ ಬಂದಿದ್ದೇನೆ. ನಿಮ್ಮ ಮಾತು ಕೇಳಿ ಒಂದು ಸಣ್ಣ ಅಗೇಟ್ ತುಂಡು ತೆಗೆದುಕೊಂಡು ಕೊರೆಯಲು ಕೂತೆ. ಕೈಯಲ್ಲಿ ತಿರುಗಿಸುವ ಬಿಲ್ಲು ಬೈರಿಗೆ, ತಾಮ್ರದ ಕಡ್ಡಿ, ಸಾಣೆ ಪುಡಿ, ನೀರು. ಅರ್ನೆಸ್ಟೈಟ್ ನಾನೆಲ್ಲಿಂದ ತರಲಿ.

ಮೊದಲ ದಿನ ಎರಡು ಗಂಟೆ. ಕಲ್ಲಿನ ಮೇಲೆ ಒಂದು ಮಸುಕು ಚುಕ್ಕೆ ಬಿತ್ತು. ಕಡ್ಡಿ ಮಾತ್ರ ಚೆನ್ನಾಗಿ ಸವೆಯಿತು. ಎರಡನೇ ದಿನ ಭುಜ ಹಿಡಿದುಕೊಂಡಿತು. ಐದನೇ ದಿನದ ಹೊತ್ತಿಗೆ ಕೈ ತಾನಾಗಿ ಹೋಗಿ ಬರತೊಡಗಿತು. ಶಬ್ದದಲ್ಲೇ ಗೊತ್ತಾಗುತ್ತದೆ, ಪುಡಿ ಇದೆಯೋ ಖಾಲಿ ಆಯಿತೋ ಅಂತ. ಇದನ್ನು ಯಾರೂ ಹೇಳಿರಲಿಲ್ಲ! ಎಂಟನೇ ದಿನ ಇನ್ನೇನು ಆಯಿತು ಅಂತ ಆಸೆಪಟ್ಟು ಜೋರಾಗಿ ಒತ್ತಿದೆ. ಆಚೆ ಕಡೆ ಚಕ್ಕೆ ಎದ್ದು ಕಲ್ಲು ಎರಡು ಹೋಳು.

ಅನುಮಾನಪ್ಪ
ಛೇ. ಎಷ್ಟು ಆಳ ಹೋಗಿತ್ತು?

ನೀಲಿಮಸಿ
ಒಂದು ಸೆಂಟಿಮೀಟರ್ ಇರಬೇಕು. ಹೋಳಾದದ್ದರಿಂದ ತೂತಿನ ಒಳಗೆ ನೋಡಲು ಸಿಕ್ಕಿತು. ನೆಟ್ಟಗಿದೆ ಅಂದುಕೊಂಡಿದ್ದೆ. ಬಾಳೆಹಣ್ಣಿನ ಹಾಗೆ ಬಾಗಿದೆ.

ಸೂಜಿಮೊನೆ
ಫೋಟೋ ಹಾಕಿ. ತೂತಿನದು, ಕಲ್ಲಿನದಲ್ಲ.

ಅನುಮಾನಪ್ಪ
ಹಾಕಿ ಹಾಕಿ. ನಾನೂ ನೋಡಬೇಕು.

ನೀಲಿಮಸಿ
ಬೆಳಕು ಸಾಲುತ್ತಿಲ್ಲ, ಬೆಳಿಗ್ಗೆ ತೆಗೆದು ಹಾಕುತ್ತೇನೆ. ಇನ್ನೊಂದು ಕಲ್ಲು ತಂದಿಟ್ಟಿದ್ದೇನೆ. ಈ ಸಲ ಎರಡೂ ಕಡೆಯಿಂದ.